ನಮ್ಮ ಬೇಲಿಯ ಸರ್ಕಾರಿ ಮರ

ಮಳೆಗಾಲ ಹಿಡಿಯುತ್ತಿದ್ದಂತೆ ನಮ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಲಿ ಸುತ್ತಲು ಹೊರಡುತ್ತಿದ್ದಳು. ಗಂಧದ ಸಸಿ ಕೀಳುವುದು ಅವಳ ಕೆಲಸ. ಪಿಕಳಾರ ಹಕ್ಕಿಗಳು ಎಲ್ಲೋ ಗಂಧದ ಹಣ್ಣು ತಿಂದು ಬಂದು ನಮ್ಮ ಬೇಲಿಯ ಮೇಲೆ ಕೂರುತ್ತಿದ್ದವು. ಅವು ಉದುರಿಸಿದ ಬೀಜ ಮೊದಲ ಮಳೆಗೆ ಮೊಳೆಯುತ್ತಿತ್ತು. ಬೇರೆಯವರಿಗೆ ಅದು ಯಾವುದೋ ಕಾಡುಗಿಡದ ಹಾಗೆ ಕಂಡರೂ ಅವ್ವನಿಗೆ ನಾಲ್ಕೆಲೆ ಬಿಡುವಷ್ಟರಲ್ಲಿ ಗುರುತು ಸಿಗುತ್ತಿತ್ತು. ಬೇರು ಸಮೇತ ಕಿತ್ತು, ಮಡಿಲಲ್ಲಿ ಹಾಕಿಕೊಂಡು ತಂದು ಬಚ್ಚಲೊಲೆಗೆ ತುರುಕುತ್ತಿದ್ದಳು. ಬೇಲಿಯ ಬುಡದಲ್ಲೇ ಬಿಟ್ಟರೆ ಮತ್ತೆ ಚಿಗುರಬಹುದು ಎಂಬ ಹೆದರಿಕೆ ಅವಳಿಗೆ.

ಸೊರಬ ತಾಲ್ಲೂಕಿನ ನಮ್ಮೂರು ಉಳವಿಯ ಸುತ್ತಮುತ್ತ ಆಗ ಎಲ್ಲರೂ ಇದನ್ನು ಮಾಡುತ್ತಿದ್ದರು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಜಮೀನು ನಮ್ಮದು. ಪಹಣಿ ಅಪ್ಪನ ಹೆಸರಲ್ಲಿತ್ತು, ಕಂದಾಯ ಅಪ್ಪನೇ ಕಟ್ಟುತ್ತಿದ್ದ. ಆದರೆ ಆ ಜಮೀನಿನಲ್ಲಿ ಗಂಧದ ಮರ ಹುಟ್ಟಿದರೆ ಅದು ಸರ್ಕಾರದ್ದು. ಅದನ್ನು ಕಡಿಯುವ ಹಾಗಿಲ್ಲ, ಕೊಂಬೆ ಸವರುವ ಹಾಗೂ ಇಲ್ಲ. ಕಳ್ಳರು ಕಡಿದುಕೊಂಡು ಹೋದರೆ ಮೊದಲು ಉತ್ತರ ಹೇಳಬೇಕಾದವನು ಜಮೀನಿನವನು. ಹೀಗಿರುವಾಗ ಅದನ್ನು ಮರವಾಗುವ ತನಕ ಯಾರು ಬಿಡುತ್ತಾರೆ? ಭೂಮಿಯ ಮೇಲಿನ ಅತಿ ಬೆಲೆಬಾಳುವ ಮರಗಳಲ್ಲೊಂದನ್ನು ನಮ್ಮ ಕಡೆಯ ಹೆಂಗಸರು ವರ್ಷವರ್ಷ ಕಳೆ ಕಿತ್ತ ಹಾಗೆ ಕಿತ್ತು ಒಲೆಗೆ ಹಾಕಿದರು.

ನಾನು ಮುಂದೆ ಶಿಕಾರಿಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿದೆ. ನಿವೃತ್ತಿಯಾಗಿ ಕೆಲವು ವರ್ಷಗಳಾದವು. ಸ್ವಾತಂತ್ರ್ಯ ಬರುವ ಹೊತ್ತಿಗೆ ದೇಶದ ಆರ್ಥಿಕ ಸ್ಥಿತಿ ಹೇಗಿತ್ತು ಎಂಬ ಪಾಠ ಕಾಲೇಜು ಶುರುವಾಗುತ್ತಲೇ ಬರುತ್ತಿತ್ತು. ಕಚ್ಚಾ ಮಾಲು ಹೊರಗೆ ಹೋಗುತ್ತಿತ್ತು, ತಯಾರಾದ ಸಾಮಾನು ಒಳಗೆ ಬರುತ್ತಿತ್ತು, ರೈತನಿಗೆ ತನ್ನ ನೆಲದ ಮೇಲೆ ಪೂರ್ತಿ ಅಧಿಕಾರ ಇರಲಿಲ್ಲ. ಅದೇ ವಾಕ್ಯ, ಅದೇ ಹಲಗೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಹೇಳಿ ಹೇಳಿ ಕೊನೆಯ ವರ್ಷಗಳಲ್ಲಿ ನನ್ನ ದನಿ ಕೇಳಿದರೆ ನನಗೇ ಸುಸ್ತಾಗುತ್ತಿತ್ತು. ಪಾಠದಲ್ಲಿ ಹತ್ತಿ, ಸೆಣಬು, ನೀಲಿಯ ಹೆಸರು ಇರುತ್ತಿತ್ತು. ಗಂಧದ ಹೆಸರು ಇರಲಿಲ್ಲ. ನಾನೂ ಸೇರಿಸಲಿಲ್ಲ.

ಗಂಧದ ವಿಷಯ ನನಗೆ ಮೊದಲು ಹೇಳಿದವನು ಅಜ್ಜ, ಅಪ್ಪನ ಅಪ್ಪ. ಅವನು ಪ್ರಾಯದಲ್ಲಿ ಗಾಡಿ ಹೊಡೆಯುತ್ತಿದ್ದ. ಮೈಸೂರು ಅರಸರ ಕಾಲ. ಕಾಡಲ್ಲಿ, ಹೊಲದಲ್ಲಿ, ಎಲ್ಲಿ ಗಂಧದ ಮರ ಬಲಿತರೂ ಸರ್ಕಾರದ ಆಳುಗಳು ಬಂದು ಬುಡ ಸಮೇತ ಅಗೆದು ತೆಗೆಯುತ್ತಿದ್ದರು. ಅದನ್ನು ಗಾಡಿಗೆ ಹೇರಿ ಸಾಗರದ ಗಂಧದ ಕೋಠಿಗೆ ಮುಟ್ಟಿಸುವುದು ಅಜ್ಜನ ಕೆಲಸ. ಕೋಠಿ ಅಂದರೆ ಮರದ ಮೇಲಿನ ಬಿಳಿಭಾಗ ಕೆತ್ತಿ ತೆಗೆದು, ಒಳಗಿನ ಚೇಗನ್ನು, ಎಣ್ಣೆ ವಾಸನೆ ಇರುವ ತಿರುಳನ್ನು, ತೂಗಿ ಇಡುವ ಜಾಗ.

"ಅಲ್ಲಿಂದ ಎಲ್ಲಿಗೆ ಹೋಗ್ತಿತ್ತು ಅಜ್ಜ?" ಎಂದು ಕೇಳಿದ್ದೆ.

"ಜರ್ಮನಿಗಂತೆ. ನಾವೇನು ನೋಡಿದ್ವಾ. ಒಂದ್ಸಲ ಯುದ್ಧ ಬಂತು, ಹಡಗು ನಿಂತೋಯ್ತು. ಕೋಠಿ ತುಂಬ ಗಂಧ ಬಿದ್ದಿತ್ತು, ಕೇಳೋರಿಲ್ಲ. ನಮಗೆ ಗಾಡಿ ಕೆಲಸ ಇಲ್ಲ. ಆಮೇಲೆ ಮೈಸೂರಲ್ಲೇ ಎಣ್ಣೆ ತೆಗೆಯೋ ಕಾರ್ಖಾನೆ ಮಾಡಿದ್ರು, ಮತ್ತೆ ಗಾಡಿ ಹೊರಡ್ತು."

ಎಲ್ಲೋ ದೂರದ ದೊರೆಗಳು ಜಗಳವಾಡಿದರೆ ಸೊರಬದ ಒಬ್ಬ ಹುಡುಗನ ಎತ್ತುಗಳು ಕೊಟ್ಟಿಗೆಯಲ್ಲಿ ನಿಲ್ಲುತ್ತವೆ ಎನ್ನುವುದು ಅವನಿಗೆ ಆಶ್ಚರ್ಯದ ಮಾತಾಗಿರಲಿಲ್ಲ. ಮಳೆ ತಡವಾಯಿತು ಎನ್ನುವಷ್ಟು ಸಾದಾ ದನಿಯಲ್ಲಿ ಹೇಳುತ್ತಿದ್ದ.

ಸ್ವಾತಂತ್ರ್ಯ ಬಂದ ವರ್ಷ ಬಾವುಟ ಹಾರಿಸುವುದನ್ನು ನೋಡಲು ಅವನು ಸೊರಬಕ್ಕೆ ನಡೆದು ಹೋಗಿದ್ದನಂತೆ. ಮಿಠಾಯಿ ಹಂಚಿದರು. ಅಲ್ಲಿ ಪರಿಚಯದ ಶಾನುಭೋಗರು ಸಿಕ್ಕಾಗ ಅಜ್ಜ ಕೇಳಿದ.

"ಅಲ್ರೀ, ಇನ್ನು ಗಂಧದ ಮರ ಯಾರದ್ದು?"

"ಸರ್ಕಾರದ್ದು."

"ಮೊದಲೂ ಸರ್ಕಾರದ್ದೇ ಇತ್ತಲ್ರೀ."

"ಅದು ಅರಸರದ್ದಾಗಿತ್ತು. ಇದು ನಮ್ಮದು."

ಅಜ್ಜ ಮಿಠಾಯಿ ಕಟ್ಟಿಕೊಂಡು ಮನೆಗೆ ಬಂದ. ಶಾನುಭೋಗರು ಸುಳ್ಳು ಹೇಳುವ ಮನುಷ್ಯರಾಗಿರಲಿಲ್ಲ, ಅವರು ನಂಬಿಯೇ ಹೇಳಿದ್ದರು ಎನ್ನುತ್ತಿದ್ದ. ಅಜ್ಜನೂ ನಂಬಿದ್ದ ಎಂದು ಕಾಣುತ್ತದೆ. ಕೆಲವು ವರ್ಷ ಕಾದು ನೋಡಿದ. ಆಮೇಲೆ ಸೊಸೆ ಸಸಿ ಕೀಳಲು ಶುರುಮಾಡಿದಾಗ ಬೇಡ ಅನ್ನಲಿಲ್ಲ.

ಗದ್ದೆಯ ಮೇಲ್ಗಡೆ ನಮ್ಮದೊಂದು ಬ್ಯಾಣ ಇತ್ತು, ದನ ಮೇಯಲು ಬಿಟ್ಟ ಹುಲ್ಲಿನ ಜಾಗ. ಅದರ ಮೂಲೆಯಲ್ಲಿ ಕವಳಿ ಮಟ್ಟಿ, ಕವಳಿಕಾಯಿಯ ಪೊದೆ, ದಟ್ಟವಾಗಿ ಬೆಳೆದಿತ್ತು. ಮುಳ್ಳಿಗೆ ಅವ್ವನ ಕೈ ಒಳಗೆ ಹೋಗುತ್ತಿರಲಿಲ್ಲ. ಆ ಮಟ್ಟಿಯ ನಡುವೆ ಒಂದು ಗಂಧದ ಗಿಡ ಅವಳ ಕಣ್ಣು ತಪ್ಪಿಸಿ ಬೆಳೆಯಿತು. ಒಂದು ಬೇಸಿಗೆಯಲ್ಲಿ ಮಟ್ಟಿ ಒಣಗಿದಾಗ ನೋಡಿದರೆ ತೋಳಿಗಿಂತ ದಪ್ಪ ಆಗಿತ್ತು. ಅವ್ವ ಕತ್ತಿ ತಗೊಂಡು ಹೊರಟಳು. ಅಪ್ಪ ತಡೆದ.

"ಈಗ ಕಡಿದರೆ ಕೇಸು. ಇರ್ಲಿ ಬಿಡು."

"ಇದ್ರೂ ಕೇಸೇ," ಎಂದಳು ಅವ್ವ.

ಅದೇ ವರ್ಷ ಅರಣ್ಯದ ಗಾರ್ಡ್ ಬಂದು ಮರಕ್ಕೆ ಗುರುತು ಹಾಕಿಹೋದ. ಒಳ್ಳೆಯ ಮನುಷ್ಯ, ನಮ್ಮ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದ. "ನೋಡ್ಕೊಳ್ರೀ ಯಜಮಾನ್ರೆ, ನಿಮ್ಮ ಜವಾಬ್ದಾರಿ," ಎಂದ. ಅಪ್ಪ ತಲೆಯಾಡಿಸಿದ. ಅಂದಿನಿಂದ ಅಪ್ಪ ದಿನಾ ಬೆಳಿಗ್ಗೆ ದನ ಬಿಡುವ ನೆಪದಲ್ಲಿ ಹೋಗಿ ಆ ಮರ ನೋಡಿ ಬರುತ್ತಿದ್ದ. ಮನೆಯಲ್ಲಿ ಯಾರಿಗೆ ಜ್ವರ ಬಂದಿದ್ದರೂ ಮೊದಲು ಮರ, ಆಮೇಲೆ ಮನೆ. ತನ್ನದಲ್ಲದ್ದನ್ನು ಅಷ್ಟು ಜತನದಿಂದ ಕಾಯುವುದು ನೋಡಿ ಊರಿನವರು ನಗುತ್ತಿದ್ದರು.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಮರ ಹೋಯಿತು. ಬೆಳಿಗ್ಗೆ ಅಪ್ಪ ಹೋಗಿ ನೋಡಿದರೆ ಮಟ್ಟಿಯ ಜಾಗದಲ್ಲಿ ಗುಂಡಿ. ಬೇರನ್ನೂ ಅಗೆದು ಒಯ್ದಿದ್ದರು. ಅಪ್ಪ ಓಡಿಬರಲಿಲ್ಲ, ಕೂಗಲಿಲ್ಲ. ನಿಧಾನಕ್ಕೆ ಬಂದು ಜಗಲಿಯಲ್ಲಿ ಕೂತು ಅವ್ವನಿಗೆ, "ಹೋಯ್ತು," ಎಂದ. ಅವ್ವ ಏನು ಎಂದು ಕೇಳಲಿಲ್ಲ. ಬಿಸಿನೀರು ಕೊಟ್ಟಳು. ಅಪ್ಪ ಸ್ನಾನ ಮಾಡಿ ಒಗೆದ ಪಂಚೆ ಉಟ್ಟುಕೊಂಡು ತಾನೇ ಹೋಗಿ ಅರಣ್ಯದವರಿಗೆ ತಿಳಿಸಿಬಂದ.

ಮಧ್ಯಾಹ್ನ ಅರಣ್ಯ ಇಲಾಖೆಯ ಜೀಪು ಬಂತು, ಅಪ್ಪನನ್ನು ಸೊರಬಕ್ಕೆ ಕರೆದುಕೊಂಡು ಹೋದರು. ಇನ್ನೂ ಚಿಕ್ಕವನಾಗಿದ್ದ ತಮ್ಮನನ್ನು ಅಜ್ಜನ ಹತ್ತಿರ ಬಿಟ್ಟು ನಾನೂ ಅವ್ವನೂ ಬಸ್ಸಿನಲ್ಲಿ ಹಿಂದೆಯೇ ಹೋದೆವು. ಕಚೇರಿಯ ವರಾಂಡದಲ್ಲಿ ಅಪ್ಪನನ್ನು ನೆಲದ ಮೇಲೆ ಕೂರಿಸಿದ್ದರು. ಹೊಡೆದಿರಲಿಲ್ಲ, ಬೈದಿರಲೂ ಇಲ್ಲ. ಮೇಜಿನ ಹಿಂದಿದ್ದ ಅಧಿಕಾರಿ ಮತ್ತೆ ಮತ್ತೆ ಒಂದೇ ಮಾತು ಕೇಳುತ್ತಿದ್ದರು.

"ನಿಮ್ಮ ಜಮೀನಲ್ಲಿ ಮರ ಕಡಿದರೆ ನಿಮಗೆ ಸದ್ದು ಕೇಳಲಿಲ್ವಾ?"

"ಬ್ಯಾಣ ದೂರ ಐತ್ರೀ ಸಾಹೇಬ್ರೆ."

"ಯಾರ ಮೇಲಾದರೂ ಅನುಮಾನ ಇದೆಯಾ?"

"ಇಲ್ರೀ."

"ಹಾಗಾದರೆ ನಿಮ್ಮ ಮೇಲೇ ಬರುತ್ತಲ್ಲ."

ಅಪ್ಪ ನಮ್ಮನ್ನು ನೋಡಿದ, ನೋಡಿ ತಕ್ಷಣ ಮುಖ ಆಚೆ ತಿರುಗಿಸಿದ. ನೆಲದ ಮೇಲೆ ಕೂತ ಅಪ್ಪನನ್ನು ನಾನು ಮನೆಯಲ್ಲಿ ದಿನಾ ನೋಡುತ್ತಿದ್ದೆ. ಆದರೆ ಇನ್ನೊಬ್ಬರು ಕುರ್ಚಿಯಲ್ಲಿ ಕೂತಿರುವಾಗ ನೆಲದ ಮೇಲೆ ಕೂತ ಅಪ್ಪನನ್ನು ಅವತ್ತೇ ಮೊದಲು ನೋಡಿದ್ದು.

ಸಂಜೆ ಬಿಟ್ಟರು. ಕೇಸು ಮಾತ್ರ ವರ್ಷಗಟ್ಟಲೆ ನಡೆಯಿತು. ಅಪ್ಪ ವಾಯಿದೆಗೆಂದು ಸೊರಬಕ್ಕೆ ಹೋಗಿ, ಕೋರ್ಟಿನ ಹೊರಗಿನ ಹುಣಸೆಮರದ ಕೆಳಗೆ ಕೂತು, ಕರೆಯದೆ ಇದ್ದರೆ ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದ. ನಾಟಿ ಇರಲಿ, ಕೊಯ್ಲಿರಲಿ, ವಾಯಿದೆ ಅಂದರೆ ವಾಯಿದೆ. ಒಂದು ವರ್ಷ ಭತ್ತ ಗದ್ದೆಯಲ್ಲೇ ಉದುರಿತು. ಕೊನೆಗೆ ಸಾಕ್ಷಿ ಇಲ್ಲ ಎಂದು ಬಿಟ್ಟರು. ಅವತ್ತು ಮನೆಗೆ ಬಂದವನು ಊಟ ಮಾಡಿ ಮಲಗಿದ. ಗೆದ್ದ ಸಂತೋಷ ಅವನ ಮುಖದಲ್ಲಿ ನಾನು ಹುಡುಕಿದೆ, ಸಿಗಲಿಲ್ಲ. ಖಾಕಿ ಅಂಗಿ ಕಂಡರೆ ಎದ್ದು ನಿಲ್ಲುವುದು ಅವನಿಗೆ ಅಂಟಿಕೊಂಡುಬಿಟ್ಟಿತು. ಬಸ್ಸಿನಲ್ಲಿ ಕಂಡಕ್ಟರ್ ಬಂದರೂ ಸೀಟಿನಿಂದ ಅರ್ಧ ಏಳುತ್ತಿದ್ದ. ನಾನು ಪಕ್ಕದಲ್ಲಿದ್ದರೆ ಮೆಲ್ಲಗೆ ಅವನ ಅಂಗಿ ಎಳೆಯುತ್ತಿದ್ದೆ, ನಾಚಿಕೊಂಡು ಕೂರುತ್ತಿದ್ದ.

ನಾನು ಓದಿ, ಕೆಲಸ ಹಿಡಿದು, ಮದುವೆಯಾಗಿ ಶಿಕಾರಿಪುರದವಳಾದೆ. ಆಗಿನ ವರ್ಷಗಳಲ್ಲಿ ಪಾಠ ಬೇರೆ ಬೇರೆ ಬಂತು. ಯೋಜನೆಗಳ ಪಾಠ, ಪರವಾನಗಿಗಳ ಪಾಠ, ಆಮೇಲೆ ಬಾಗಿಲು ತೆರೆದ ಪಾಠ. ಹೊರಗಿನ ಸಾಬೂನು, ಹೊರಗಿನ ಕಾರು ಎಲ್ಲ ಬಂದವು. ಹಾಗೆ ಎಲ್ಲವೂ ಬಿಡುಗಡೆಯಾದ ಮೇಲೂ ಬಹಳ ವರ್ಷ ಗಂಧದ ಮರ ಸರ್ಕಾರದ್ದೇ ಆಗಿ ಉಳಿದಿತ್ತು. ಕಾಡಿನಲ್ಲೂ ಹೊಲದಲ್ಲೂ ಗಂಧ ಮುಗಿಯುತ್ತ ಬಂತು ಎಂದು ಆಮೇಲೆ ಯಾರಿಗೋ ಹೊಳೆಯಿತು. ರೈತ ಬೆಳೆಸದೆ ಮರ ಉಳಿಯದು, ಅವನದ್ದಾಗದೆ ಅವನು ಬೆಳೆಸುವುದಿಲ್ಲ. ಕಾನೂನು ಬದಲಾಯಿತು. ಇನ್ನು ಜಮೀನಿನವನೇ ಮರದ ಒಡೆಯ ಎಂದು ಪೇಪರಿನಲ್ಲಿ ಬಂತು.

ನಾನು ಆ ಪೇಪರು ಹಿಡಿದುಕೊಂಡೇ ಉಳವಿಗೆ ಹೋದೆ. ಅಪ್ಪನಿಗೆ ಆಗ ವಯಸ್ಸಾಗಿತ್ತು, ಕಣ್ಣು ಮಂದ. ಓದಿ ಹೇಳಿದೆ.

"ಕಡಿಯೋಕೆ ಪರ್ಮಿಶನ್ ಬೇಕಾ?" ಎಂದ.

"ಬೇಕು."

"ಮಾರೋದು?"

"ಅವರು ಹೇಳಿದ ಕಡೆಗೇ ಮಾರಬೇಕಂತೆ ಅಪ್ಪ."

"ಹಂಗಾರೆ ನಮ್ಮದು ಅನ್ನೋದು ಯಾವುದು?"

"ಕಾಯೋದು," ಎಂದಳು ಒಳಗಿನಿಂದ ಅವ್ವ.

ಅಪ್ಪ ನಕ್ಕ. ಗಂಧದ ವಿಷಯಕ್ಕೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ತಮ್ಮ ಮಾತ್ರ ಪೇಪರಿನ ಆ ಮಾತನ್ನು ತಲೆಯಲ್ಲಿ ಇಟ್ಟುಕೊಂಡ. ಅವನು ಊರಿನಲ್ಲೇ ಇದ್ದು ಬೇಸಾಯ ಮಾಡುವವನು, ಅಪ್ಪನಿಗಿಂತ ಗಟ್ಟಿ. ಕೆಲವು ವರ್ಷಗಳ ನಂತರ ನರ್ಸರಿಯಲ್ಲಿ ಗಂಧದ ಸಸಿ ಕೊಡತೊಡಗಿದಾಗ ತಂದು ಬ್ಯಾಣದ ತುಂಬ ಸಾಲಾಗಿ ನೆಟ್ಟ. ನಡುನಡುವೆ ತೊಗರಿ ಹಾಕಿದ. ಗಂಧಕ್ಕೆ ಪಕ್ಕದಲ್ಲಿ ಇನ್ನೊಂದು ಗಿಡ ಬೇಕು, ಅದರ ಬೇರಿನಿಂದ ಎಳೆದುಕೊಂಡೇ ಅದು ಬದುಕುವುದು. ನೆಟ್ಟು ತಿಂಗಳಾಗಿರಲಿಲ್ಲ, ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮೊದಲ ಸಾಲು ಪೂರ್ತಿ ಖಾಲಿ. ದನ ನುಗ್ಗಿದ ಗುರುತಿಲ್ಲ. ಮನೆಗೆ ಬಂದು ನೋಡಿದರೆ ಬಚ್ಚಲೊಲೆಯ ಮುಂದೆ ಸಸಿಗಳ ರಾಶಿ, ಅವ್ವ ಒಲೆ ಊದುತ್ತ ಕೂತಿದ್ದಾಳೆ.

"ಏನವ್ವ ಮಾಡಿದ್ದು ನೀನು? ಅದು ನಾನೇ ನೆಟ್ಟಿದ್ದು."

ಅವ್ವನಿಗೆ ಗೊತ್ತಿತ್ತು. ಅವನು ನೆಡುವಾಗ ಅವಳೇ ನೀರು ಹೊತ್ತಿದ್ದಳು. "ಗೊತ್ತೈತಿ. ಕೈ ತಡೀಲಿಲ್ಲ," ಎಂದಳು.

ತಮ್ಮ ನನಗೆ ಫೋನ್ ಮಾಡಿ ಇದನ್ನು ಹೇಳುವಾಗ ಬೈಯಬೇಕೋ ನಗಬೇಕೋ ತಿಳಿಯದೆ ಒದ್ದಾಡುತ್ತಿದ್ದ. ಮತ್ತೆ ಸಸಿ ತಂದು ನೆಟ್ಟ. ಅವ್ವ ಆಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟಳು. ಮರಗಳು ಸೊಂಟದೆತ್ತರ ಆಗುವ ಹೊತ್ತಿಗೆ ಅಪ್ಪ ತೀರಿಕೊಂಡ.

ಮರ ಬೆಳೆದಂತೆ ತಮ್ಮನ ನಿದ್ದೆ ಕಡಿಮೆಯಾಯಿತು. ತಂತಿ ಬೇಲಿ ಹಾಕಿಸಿದ. ನಾಯಿ ಸಾಕಿದ. ಕ್ಯಾಮೆರಾ ಕಟ್ಟಿಸಿದ, ಅದು ಸಿಡಿಲಿಗೆ ಸುಟ್ಟಿತು. ನಂಟರ ಮನೆಯ ಮದುವೆಗೆ ಗಂಡ ಹೆಂಡತಿ ಜೊತೆಯಾಗಿ ಬರುವುದು ನಿಂತಿತು. ಒಬ್ಬರು ಬಂದರೆ ಒಬ್ಬರು ಕಾಯಬೇಕು. ನಾನು ಹೋದಾಗಲೆಲ್ಲ ಅವನು ಮರದ ಮಾತೇ ಆಡುತ್ತಿದ್ದ. ಮೊದಮೊದಲು ಆಸೆಯಿಂದ, ಆಮೇಲೆ ಸಾಲ ಕೊಟ್ಟವರ ಬಗ್ಗೆ ಮಾತಾಡುವ ದನಿಯಲ್ಲಿ.

ಕಳೆದ ವರ್ಷದ ಮಳೆಗಾಲದಲ್ಲಿ ಕಳ್ಳರು ಬಂದರು. ಮೆಷಿನ್ ಗರಗಸ ತಂದಿದ್ದರು, ಮಳೆಯ ಸದ್ದಿನಲ್ಲಿ ಕೇಳಲಿಲ್ಲ. ನಾಯಿಗೆ ಏನೋ ಹಾಕಿ ಮಲಗಿಸಿದ್ದರು. ಅತಿ ದಪ್ಪ ಮರಗಳನ್ನೇ ಆರಿಸಿ ಒಯ್ದಿದ್ದರು. ತಮ್ಮ ಫೋನ್ ಮಾಡಿದ. "ಅಕ್ಕ, ನೀನು ಬಾ. ನನಗೆ ಅವರ ಹತ್ತಿರ ಮಾತಾಡೋಕೆ ಬರಲ್ಲ."

ಶಿಕಾರಿಪುರದಿಂದ ಮೊದಲ ಬಸ್ಸು ಹಿಡಿದು ಹೋದೆ. ಇಬ್ಬರೂ ಸೊರಬಕ್ಕೆ ದೂರು ಕೊಡಲು ಹೋದೆವು. ಈ ಸಲ ಕೂರಲು ಕುರ್ಚಿ ಕೊಟ್ಟರು, ಟೀ ತರಿಸಿದರು. ದೂರು ಬರೆದುಕೊಂಡ ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ನನ್ನನ್ನು ಮೇಡಂ ಎಂದರು.

"ಮರಗಳು ಪಹಣಿಯಲ್ಲಿ ನಮೂದಾಗಿವೆಯಾ ಸರ್?" ಎಂದು ತಮ್ಮನನ್ನು ಕೇಳಿದರು.

"ಇಲ್ರೀ. ಅರ್ಜಿ ಕೊಟ್ಟಿದ್ದೆ. ಇವತ್ತು ನಾಳೆ ಅಂತ ಹಂಗೇ ಉಳೀತು."

"ನಮೂದಾಗಿದ್ದರೆ ಸುಲಭ ಇತ್ತು. ಈಗ ನಿಮ್ಮ ಮರಗಳೇ ಕಳುವಾಗಿವೆ ಅಂತ ನಾವು ತೋರಿಸಬೇಕಲ್ಲ."

"ನಾನೇ ನೆಟ್ಟಿದ್ದು ಸರ್. ಊರಿಗೆಲ್ಲ ಗೊತ್ತು."

"ನನಗೂ ಅನುಮಾನ ಇಲ್ಲ. ಆದರೆ ಕಾಗದ ಕೇಳುತ್ತಾರೆ."

ತಮ್ಮ ನನ್ನ ಮುಖ ನೋಡಿದ. ಇಷ್ಟು ವರ್ಷ ಕಲಿಸಿದವಳು ಏನಾದರೂ ಹೇಳುತ್ತಾಳೆ ಎಂದು ಅವನಿಗೆ ನಂಬಿಕೆ. ನನಗೆ ಅಲ್ಲಿ ಯಾರ ಮೇಲೂ ಸಿಟ್ಟು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಎದುರಿಗಿದ್ದ ಮನುಷ್ಯನೂ ನಮ್ಮಷ್ಟೇ ದಣಿದಿದ್ದ. ಅವನ ಮೇಜಿನ ಮೇಲೆ ಇಂಥವೇ ಇನ್ನಷ್ಟು ದೂರುಗಳಿದ್ದವು. ಟೀ ಕುಡಿದು, ಸಹಿ ಹಾಕಿ, ಹೊರಗೆ ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ತಮ್ಮ ಹೇಳಿದ, "ಉಳಿದದ್ದು ಕಡಿಸಿಬಿಡ್ತೀನಿ ಅಕ್ಕ. ಇನ್ನು ಕಾಯೋಕೆ ಆಗಲ್ಲ."

"ಇನ್ನೂ ಬಲಿತಿಲ್ಲ ಅಂತಿದ್ದೆಯಲ್ಲ. ಇನ್ನೈದು ವರ್ಷ ಬಿಟ್ಟರೆ..."

"ಇನ್ನೈದು ವರ್ಷ ಯಾರು ನಿದ್ದೆ ಬಿಡ್ತಾರೆ?"

ದೂರದ ಲಾಭಕ್ಕಾಗಿ ಇವತ್ತಿನ ಸುಖ ಬಿಡುವುದಕ್ಕೆ ಉಳಿತಾಯ ಎಂದು ಹಲಗೆಯ ಮೇಲೆ ಬರೆದವಳು ನಾನು. ಅದು ಮನುಷ್ಯನ ಕಣ್ಣಿನ ಕೆಳಗೆ ಹೇಗೆ ಕಪ್ಪಗೆ ಕೂರುತ್ತದೆ ಎಂದು ಬರೆದಿರಲಿಲ್ಲ.

ನಮೂದು ಮಾಡಿಸಿ, ಪರ್ಮಿಶನ್ ತರಲು ಚಳಿಗಾಲ ಪೂರ್ತಿ ಹಿಡಿಯಿತು. ಬೇಸಿಗೆಯಲ್ಲಿ ಕಡಿತ. ನಾನು ಎರಡು ದಿನ ಮೊದಲೇ ಹೋಗಿದ್ದೆ. ಆಳುಗಳು ಸುತ್ತ ಅಗೆದು ಮರವನ್ನು ಬೇರು ಸಮೇತ ಉರುಳಿಸಿದರು. ಒಂದು ಬೊಡ್ಡೆಯನ್ನು ಅಡ್ಡ ಕೊಯ್ದಾಗ ಎಲ್ಲರೂ ಬಗ್ಗಿ ನೋಡಿದೆವು. ಸುತ್ತ ಬಿಳಿ, ನಡುವೆ ಹೆಬ್ಬೆರಳಿನಷ್ಟು ಕಂದು. ಚೇಗು ಅಷ್ಟೇ. ತಮ್ಮ ಅದರ ಮೇಲೆ ಬೆರಳು ಉಜ್ಜಿದ. ಬೆರಳು ಮೂಸಿ ನೋಡಿಕೊಂಡ. "ವಾಸನೆ ಐತಿ," ಎಂದ, ಯಾರಿಗೋ ಸಮಾಧಾನ ಹೇಳುವವನ ಹಾಗೆ.

ಇಲಾಖೆಯವರು ತುಂಡುಗಳನ್ನು ಅಳೆದರು, ತೂಗಿದರು, ಮೊಹರು ಹಾಕಿದರು. ಬೇರಿನ ಚೂರುಗಳನ್ನೂ ಬುಟ್ಟಿಗೆ ತುಂಬಿದರು. ಕೊನೆಗೆ ಟಾರ್ಪಾಲಿನ ಮೇಲೆ ಬಿದ್ದ ಗರಗಸದ ಹುಡಿಯನ್ನೂ ಪೊರಕೆಯಿಂದ ಗುಡಿಸಿ ಚೀಲಕ್ಕೆ ಹಾಕಿದರು. ಅದೂ ಲೆಕ್ಕಕ್ಕೆ ಬರುತ್ತದಂತೆ. ಅವ್ವ ಅವತ್ತು ಬಹಳ ವರ್ಷಗಳ ಮೇಲೆ ಬ್ಯಾಣಕ್ಕೆ ಬಂದಿದ್ದಳು, ಕೋಲೂರಿಕೊಂಡು, ಸೊಸೆಯ ತೋಳು ಹಿಡಿದು. ಲಾರಿ ತುಂಬುವುದನ್ನು ನೋಡುತ್ತ ನಿಂತಿದ್ದವಳು ತಮ್ಮನನ್ನು ಕರೆದಳು.

"ಒಂದು ತುಂಡು ಮನೆಗೆ ಇಟ್ಕೊಳ್ಳೋಕೆ ಬರಲ್ವೇನೋ? ಸೆಕೆಗುಳ್ಳೆಗೆ ತೇಯ್ದು ಹಚ್ಚಿದ್ರೆ ತಂಪು ಅಂತಾರೆ. ನಾನು ಹಚ್ಚಿ ನೋಡಿಲ್ಲ."

ತಮ್ಮ ಹೋಗಿ ಕೇಳಿದ. ಅಲ್ಲಿದ್ದ ಹುಡುಗಿ, ಆ ತಂಡದ ಅಧಿಕಾರಿ, ಅವ್ವನ ಹತ್ತಿರ ತಾನೇ ಬಂದಳು. "ತೂಕ ಆಗಿ ಮೊಹರು ಬಿದ್ದುಬಿಟ್ಟಿದೆ ಅಜ್ಜಿ. ಮೊದಲೇ ಹೇಳಿದ್ದರೆ ಅರ್ಜಿಯಲ್ಲೇ ಸೇರಿಸಬಹುದಿತ್ತು," ಎಂದಳು. ಅವಳಿಗೆ ನಿಜಕ್ಕೂ ಬೇಜಾರಾಗಿತ್ತು.

"ಹೋಗ್ಲಿ ಬಿಡವ್ವ. ನೀನಾದ್ರೂ ಏನು ಮಾಡ್ತೀಯ," ಎಂದು ಅವ್ವ ಅವಳ ಕೈ ಸವರಿದಳು.

ದುಡ್ಡು ಕೆಲವು ವಾರಗಳ ನಂತರ ಬಂತು. ನಷ್ಟವೇನಿಲ್ಲ ಎಂದ ತಮ್ಮ. ಬಾವಿಗೆ ಹೊಸ ಪಂಪು ಹಾಕಿಸಿದ, ಹೆಂಡತಿಯನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಿಬಂದ. ಇಬ್ಬರೂ ಒಟ್ಟಿಗೆ ಮನೆ ಬಿಟ್ಟು ಹೊರಗೆ ಮಲಗಿದ್ದು ಎಷ್ಟೋ ವರ್ಷದ ಮೇಲೆ. ನನಗೆ ತೋರಿಸಿದ ಫೋಟೋದಲ್ಲಿ ಇಬ್ಬರ ಮುಖವೂ ನಿದ್ದೆ ಮಾಡಿ ಎದ್ದವರ ಹಾಗೆ ಊದಿಕೊಂಡಿತ್ತು.

ಬ್ಯಾಣಕ್ಕೆ ಈಗ ಏನು ಹಾಕುವುದು ಎಂದು ಅವನು ನನ್ನನ್ನು ಕೇಳಿದ. ಶುಂಠಿ ಬೆಳೆಯುವವರು ಗುತ್ತಿಗೆಗೆ ಕೇಳುತ್ತಿದ್ದರು. ಉಡುತಡಿ ಕಡೆಯ ನಂಟರು ಮೆಕ್ಕೆಜೋಳ ಹಾಕು ಎಂದರು. ಯಾವ ಬೆಳೆಗೆ ಎಷ್ಟು ಖರ್ಚು, ಎಷ್ಟು ಹುಟ್ಟುವಳಿ ಎಂದು ನಾನು ಯೋಚಿಸಲು ಶುರುಮಾಡಿ ಅರ್ಧಕ್ಕೇ ಬಿಟ್ಟೆ. ಅವನಿಗೂ ಕೇಳುವ ಮನಸ್ಸಿರಲಿಲ್ಲ. ಕೊನೆಗೆ ಯಾರೂ ಏನೂ ತೀರ್ಮಾನಿಸದೆ ಈ ವರ್ಷದ ಮಳೆ ಬಂತು. ಗುಂಡಿಗಳನ್ನೆಲ್ಲ ಮುಚ್ಚಿಸಿ, ತಂತಿ ಬೇಲಿಯನ್ನು ಒಂದು ಕಡೆ ಬಿಚ್ಚಿ ದಾರಿ ಮಾಡಿದ. ಹೋದ ವಾರ ನಾನು ಹೋದಾಗ ಅಲ್ಲಿ ಹುಲ್ಲು ಮೊಣಕಾಲಿನವರೆಗೆ ಬಂದಿತ್ತು. ಎಮ್ಮೆ ಎರಡು ಮೇಯುತ್ತಿದ್ದವು. ಮನೆಯ ಜಗಲಿಯಲ್ಲಿ ತಮ್ಮ ಮಧ್ಯಾಹ್ನದ ಹೊತ್ತಿಗೇ ಗೊರಕೆ ಹೊಡೆಯುತ್ತಿದ್ದ. ನಾನು ಎಬ್ಬಿಸಲಿಲ್ಲ.